ಒಂಟಿ ಟಕ್ಕಿನ ಗಡಿಯಾರ

ಮಹಾನವಮಿಯ ಮಧ್ಯಾಹ್ನ ಶಲವಡಿಯ ಶಂಕ್ರಪ್ಪ ದೇವರ ಜಗಲಿಯ ಮುಂದೆ ಕೂತು ಬಂಗಾರದ ಗಡಿಯಾರವನ್ನು ಕಿವಿಗೆ ಹಿಡಿದ. ಅದು ಉಸಿರೆತ್ತಲಿಲ್ಲ. ಮುಳ್ಳುಗಳು ನಿಂತಲ್ಲೇ ನಿಂತಿದ್ದವು. ಚುಚ್ಚಿದ್ದು ಮಾತ್ರ ಅವನ ಎದೆಗೆ.

ಮುಂಜಾನೆ ಖಂಡೆಪೂಜೆಯೆಂದು ಕುಡಗೋಲು, ಕುಂಟೆ, ಹೆಂಡತಿ ಸುಶೀಲವ್ವನ ಹೊಲಿಗೆ ಯಂತ್ರದ ಸಾಲಿನಲ್ಲಿ ಇದನ್ನೂ ಇಟ್ಟು ವಿಭೂತಿ ಹಚ್ಚಿದ್ದ. ಗಡಿಬಿಡಿಯಲ್ಲಿ ಗಡಿಯಾರಕ್ಕೆ ಚಾವಿ ಕೊಡುವುದು ಮರೆತಿತ್ತು. ಈಗ ಕೊಟ್ಟ. ಚಾವಿ ತಿರುಗಿತು, ಗಡಿಯಾರ ತಿರುಗಿಯೂ ನೋಡಲಿಲ್ಲ.

ಅಜ್ಜನ ಕಾಲದ್ದು ಅದು. ಹತ್ತಿ ಕೊಳ್ಳಲು ಬಂದ ಬಿಳಿ ಸಾಹೇಬನೊಬ್ಬ ಜ್ವರದಿಂದ ಈ ಮನೆಯಲ್ಲಿ ಬಿದ್ದು, ಈ ಮನೆಯಲ್ಲೇ ಎದ್ದು, ಹೋಗುವಾಗ ಅಜ್ಜನ ಕೈಗಿಟ್ಟು ಹೋಗಿದ್ದ. ಹಡಗಿನ ಕಪ್ತಾನರು ನಂಬುವ ಜಾತಿಯದೆಂದು ಹುಬ್ಬಳ್ಳಿಯ ಗಡಿಯಾರ ರಿಪೇರಿಯ ರಹಿಮಾನಸಾಬ ಹೇಳಿದ್ದ. ಬೇರೆ ಗಡಿಯಾರಗಳು ಟಿಕ್ ಟಿಕ್ ಎಂದರೆ, ಇದು ಒಮ್ಮೆ ಟಕ್ ಎಂದು, ಮರುಬಡಿತ ನುಂಗಿ, ಮತ್ತೆ ಟಕ್ ಎನ್ನುತ್ತಿತ್ತು. “ಝಾಡಿಸಬ್ಯಾಡ್ರಿ ಮತ್ತ,” ಎಂದಿದ್ದ ರಹಿಮಾನಸಾಬ. “ಒಳಗ ಕೂದಲಂಥಾ ಪಟ್ಟಿ ಐತಿ. ಮುರೀತಂದ್ರ ಮುಂಬೈದಾಗೂ ಸಿಗೂದಿಲ್ಲ.”

ಅಜ್ಜ ತೀರಿಕೊಂಡ ದಿನವೇ ಅದೂ ನಿಂತಿತ್ತು. ಅಜ್ಜ ಚಾವಿ ಕೊಡಲಿಲ್ಲವೆಂದು ಗಡಿಯಾರ ನಿಂತಿತೋ, ಗಡಿಯಾರ ನಿಂತಿತೆಂದು ಅಜ್ಜ ಹೋದನೋ, ಯಾರೂ ಕೇಳಲಿಲ್ಲ. ಶಂಕ್ರಪ್ಪನ ಅಪ್ಪ ಮಡಿವಾಳೆಪ್ಪ ಅಂದಿನಿಂದ ಅದನ್ನು ಎದೆಯ ಮೇಲೆ, ಲಿಂಗದ ಬಾಜು ಇಟ್ಟುಕೊಂಡ. ದಿನಾ ಮುಂಜಾನೆ ಚಾವಿ ಕೊಟ್ಟು, ಅಂಗೈ ಮೇಲಿಟ್ಟುಕೊಂಡು, ಜಗಲಿಯ ಮುಂದೆ ಮಣಿಕಟ್ಟು ತಿರುವಿ ಆರತಿಯಂತೆ ಬೆಳಗುತ್ತಿದ್ದ. ಈಗ ಎದೆ ಸೋತು ಹಾಸಿಗೆ ಹಿಡಿದ ಮೇಲೆ ಚಾವಿಯ ಕೆಲಸ ಮಗನಿಗೆ ಬಂದಿತ್ತು. ಓದಿದ ಮಗ ಚಾವಿ ಕೊಡುತ್ತಿದ್ದ, ಬೆಳಗುತ್ತಿರಲಿಲ್ಲ.

ಡಾಕ್ಟರು ಹೇಳಿದ್ದು ಇಷ್ಟೇ: “ಅಂಜಿಸಬ್ಯಾಡ್ರಿ. ಅಂಜಿದ್ರ ಎದಿ ತಡಿಯೂದಿಲ್ಲ.”

“ಲೇ ಶಂಕ್ರ್ಯಾ!” ಒಳಕೋಣೆಯಿಂದ ಅಪ್ಪನ ಕೂಗು. “ಪೂಜಿ ಮುಗೀಲಿಲ್ಲೇನೋ? ಗಡಿಯಾರ ತಾ. ಅದರ ದನಿ ಇಲ್ದ ನಿದ್ದಿ ಹತ್ತವಲ್ದು.”

“ಬಂದ್ನೆಪ್ಪಾ!”

ಸುಶೀಲವ್ವ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಗಂಡನ ಮುಖ ನೋಡಿದಳು. ದನಿ ತಗ್ಗಿಸಿ, “ನಿಂತತೇನ್ರಿ?” ಎಂದಳು.

“ಚಾವಿ ಕೊಟ್ರೂ ಏಳವಲ್ದು.”

“ಶಿವನ! ಮಾವಾರಿಗೆ ತಿಳದ್ರ ಇವತ್ತ ಉಳೀತಾರೇನ್ರಿ?”

ಶಂಕ್ರಪ್ಪ ಧಾರವಾಡಕ್ಕೆ ಬಿ.ಎ. ಓದಲು ಹೋಗಿ ‘ಬ್ಯಾ’ ಕಲಿತು ಬಂದವ. ಕುರಿ, ಕಾಗೆ, ನವಲಗುಂದ ಬಸ್ಸಿನ ಕಂಡಕ್ಟರು, ಮಠದ ಅಜ್ಜಾರ ಕೆಮ್ಮು, ಎಲ್ಲರೂ ಅವನ ಗಂಟಲಲ್ಲಿ ಬಾಡಿಗೆಗಿದ್ದರು. ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಬಿಟ್ಟ. ಟಕ್. ಒಂದು ಬಡಿತ ಬಿಟ್ಟು ಮತ್ತೆ ಟಕ್.

“ಹುಚ್ಚ ಹಿಡದೈತೇನ್ರಿ ನಿಮಗ?”

“ನಿದ್ದಿ ಹತ್ತೂ ತನಕ ಸಾಕು. ನೀ ಇದನ್ನ ಹಿಡಕೋ.”

ಗಡಿಯಾರ ಅವಳ ಕೈಗಿತ್ತು, ಅದರ ಮಖಮಲ್ಲಿನ ಚೀಲದಲ್ಲಿ ಪೂಜೆಯ ಬೆಟ್ಟಡಿಕೆ ಹಾಕಿ, ಒಳಗೆ ಹೋಗಿ ಅಪ್ಪನ ದಿಂಬಿನ ಕೆಳಗೆ ತುರುಕಿದ. ತಲೆಯ ಹಿಂದೆ, ಅಪ್ಪನಿಗೆ ಕಾಣದ ಹಾಗೆ ಕುಕ್ಕರಗಾಲಿನಲ್ಲಿ ಕೂತ.

ಟಕ್. ಟಕ್. ಟಕ್.

ಮಡಿವಾಳೆಪ್ಪ ಕಣ್ಣು ಮುಚ್ಚಿದ. ಶಂಕ್ರಪ್ಪನಿಗೆ ಒಳಗೊಳಗೇ ನಗು ಬಂತು. ಆಮೇಲೆ ಬಾಯಲ್ಲಿ ಉಗುಳು ತುಂಬಿತು. ನುಂಗಿದ. ಅಷ್ಟು ಹೊತ್ತು ಟಕ್ ನಿಂತಿತು.

ಅಪ್ಪನ ಎದೆಯೂ ನಿಂತಿತು. ಹೊದ್ದ ಧೋತರದ ಮೇಲೆದ್ದ ಮಡಿಕೆ ಕೆಳಗಿಳಿಯಲಿಲ್ಲ.

ಟಕ್, ಎಂದ ಶಂಕ್ರಪ್ಪ ಗಾಬರಿಯಾಗಿ. ಮಡಿಕೆ ಇಳಿಯಿತು.

ಇದೇನೋ ಆಕಸ್ಮಿಕವೆಂದುಕೊಂಡ. ಎರಡನೇ ಸಲ ನುಂಗಿದ. ಮತ್ತೆ ಉಸಿರಿಲ್ಲ. ಟಕ್ ಎಂದಮೇಲೆ ಬಂತು. ಊರನ್ನೆಲ್ಲ ನಗಿಸಿದ ನಾಲಿಗೆಗೆ ಈಗ ಒಂದು ಜೀವ ಜೋತುಬಿದ್ದಿತ್ತು. ಉಗುಳು ಗಲ್ಲದ ಮೇಲೆ ಇಳಿಯಿತು, ನುಂಗಲಿಲ್ಲ. ಅಂಗುಳ ಒಣಗಿ ಟಕ್ಕು ಚಕ್ಕಾಗತೊಡಗಿತು. ಕೆಮ್ಮು ಬಂತು, ಹಲ್ಲು ಕಚ್ಚಿ ತಡೆದ. ಸೀನು ಬಂದರೆ ಅಪ್ಪ ಹೋದ ಎನ್ನಿಸಿ ಕಣ್ಣಲ್ಲಿ ನೀರು ಬಂತು.

ಸುಶೀಲವ್ವ ಬಾಗಿಲಲ್ಲಿ ಬಂದು ಗಡಿಯಾರ ತೋರಿಸಿದಳು. ಬಾಯಿ ಮಾತ್ರ ಅಲ್ಲಾಡಿಸಿ ಕೇಳಿದಳು: “ಮಾವಾರ ಗತೆ ಬೆಳಗೀರೇನ್ರಿ?”

ಇಲ್ಲ ಎಂದು ಅವನು ತಲೆಯಾಡಿಸಿದ. ಟಕ್.

ಅವಳು ಹಣೆ ಚಚ್ಚಿಕೊಂಡು ಜಗಲಿಗೆ ನಡೆದಳು. ಗಡಿಯಾರವನ್ನು ಅಂಗೈ ಮೇಲಿಟ್ಟು, ಮಾವ ಮಾಡುವಂತೆಯೇ ಮಣಿಕಟ್ಟನ್ನು ಗರಕ್ಕನೆ ತಿರುವಿ ಬೆಳಗಿದಳು. ಗಡಿಯಾರ ಟಕ್ ಎಂದಿತು. ಆ ಜಾತಿಯ ಗಡಿಯಾರ ಒಮ್ಮೆ ನಿಂತರೆ ಬರೀ ಚಾವಿಗೆ ಏಳುವುದಿಲ್ಲ. ಮೈಯನ್ನೊಮ್ಮೆ ತಿರುವಿ ಒಳಗಿನ ಚಕ್ರ ಹೊರಡಿಸಬೇಕು. ಸಾಹೇಬ ಅಜ್ಜನಿಗೆ ಅದನ್ನೇ ತೋರಿಸಿದ್ದಿರಬೇಕು. ಬರಬರುತ್ತ ಈ ಮನೆಯಲ್ಲಿ ಅದು ಪೂಜೆಯಾಗಿತ್ತು.

ಅವಳು ಓಡಿ ಬಂದು ಗಡಿಯಾರವನ್ನು ಮಾವನ ಕಿವಿಯ ಬಳಿ ಇಟ್ಟಳು. ಚೂರು ಹೊತ್ತು ಎರಡು ಟಕ್ಕುಗಳು ಒಂದನ್ನೊಂದು ಹಾಯ್ದವು. ಶಂಕ್ರಪ್ಪ ಬಾಯಿ ಮುಚ್ಚಿ ಅಪ್ಪನ ಎದೆಯನ್ನೇ ನೋಡಿದ. ಅದು ಏರಿತು, ಇಳಿಯಿತು.

“ನಾಲಿಗಿ ನೋಯಾಕತ್ತೇನಲೇ?” ಎಂದ ಮಡಿವಾಳೆಪ್ಪ, ಕಣ್ಣು ತೆರೆಯದೆ.

ಶಂಕ್ರಪ್ಪ ಗಲ್ಲದ ಮೇಲಿನ ಉಗುಳು ಒರೆಸಿಕೊಂಡ.

“ಉಗುಳು ನುಂಗೂ ಗಡಿಯಾರ ಎಲ್ಲ್ಯರ ಐತೇನು?”

“ಮತ್ತ... ಉಸಿರ ಯಾಕ ಹಿಡದಿದ್ದೆಪ್ಪಾ?”

“ಖರೇ ಗಡಿಯಾರ ನಿಂತೈತಿ ಅಂತ ತಿಳೀತು. ನಿನ್ನ ಟಕ್ ತಪ್ಪಿದಾಗೊಮ್ಮೆ ಈಗ ಹೋಗ್ತೀನಿ, ಈಗ ಹೋಗ್ತೀನಿ ಅಂತ ಕಾಯಾಕತ್ತಿದ್ದೆ.” ಮುದುಕ ಕಣ್ಣು ತೆರೆದ. “ಹೋಗಲಿಲ್ಲ ನೋಡು.”

ಗಡಿಯಾರವನ್ನು ಎತ್ತಿ ಮಗನ ಅಂಗೈಗಿಟ್ಟು ಬೆರಳು ಮಡಚಿದ.

“ನಾ ಅಂಜಿದ್ದ ಸಾಕು. ಇನ್ನ ನೀ ಅಂಜು.”

ಸುಶೀಲವ್ವ ನಕ್ಕಳು. ಶಂಕ್ರಪ್ಪನೂ ನಗಲು ನೋಡಿದ, ಗಂಟಲಲ್ಲಿದ್ದ ಯಾರ ದನಿಯಲ್ಲೂ ನಗು ಬರಲಿಲ್ಲ. ಮುಷ್ಟಿಯೊಳಗೆ ಅದು ಟಕ್ ಎಂದಿತು. ಮುಂದಿನ ಟಕ್ ಬರುವವರೆಗೆ ತಾನು ಉಸಿರು ಹಿಡಿದಿದ್ದೇನೆಂದು ಅವನಿಗೆ ಆಗ ಗೊತ್ತಾಯಿತು.