ಬಾಲವಿದ್ದ ಅತ್ತೆಯವರು

ಊರಿನವರೆಲ್ಲ ಬೇರೆ ಊರಿನ ಸಾವಿನ ಮನೆಗೆ ಹೋಗಿದ್ದ ದಿನ ಕೌನ್ಸಿಲ್ಲಿನ ವ್ಯಾನು ಮರುಭೂಮಿಯ ಮೂಲನಿವಾಸಿಗಳ ಹಳ್ಳಿ ಯಾಲ್ಪಾ ಬೋರ್‌ಗೆ ಬಂತು. ವ್ಯಾನಿನಿಂದಿಳಿದವರು ಕಣ್ಣಿಗೆ ಬಿದ್ದ ನಾಯಿಗಳನ್ನೆಲ್ಲ ಕಸದ ಗುಂಡಿಯ ಹತ್ತಿರ ಒಯ್ದು ಗುಂಡಿಕ್ಕಿ ಕೊಂದರು.

ಜನ ವಾಪಸು ಬಂದಾಗ ಬೊಗಳಿ ಎದುರುಗೊಳ್ಳಲು ಯಾರೂ ಇರಲಿಲ್ಲ. ಸತ್ತ ಮನುಷ್ಯರ ಹೆಸರನ್ನು ಅಲ್ಲಿ ಯಾರೂ ಬಾಯಿಗೆ ತರುವುದಿಲ್ಲ. ಆವತ್ತಿನಿಂದ ಆ ನಾಯಿಗಳ ಹೆಸರನ್ನೂ ಎತ್ತುವುದು ಬಿಟ್ಟರು. ಮುದುಕಿ ನಾಪಂಗಾರ್ಡಿಗೆ ಮಾತ್ರ, ಮನೆಯ ಹಿಂದೆ ಚಕ್ರವಿಲ್ಲದೆ ಬಿದ್ದಿದ್ದ ಕಾರಿನ ಹರಿದ ಸೀಟಿನೊಳಗೆ ಒಂದು ಮರಿ ಸಿಕ್ಕಿತು. ಕೆಮ್ಮಣ್ಣಿನ ಬಣ್ಣ. ಒಂದು ಕಿವಿ ನೆಟ್ಟಗೆ ನಿಂತಿತ್ತು, ಇನ್ನೊಂದು ನಿಲ್ಲಲೋ ಬೇಡವೋ ಎಂದು ಯೋಚಿಸುತ್ತಿತ್ತು. ಮುದುಕಿ ಅದನ್ನು ಎತ್ತಿ ಮಡಿಲಿಗೆ ಹಾಕಿಕೊಂಡು, ನಾಲ್ಕು ಜನ ಕೇಳುವ ಹಾಗೆ, "ಇವಳು ನನ್ನ ಮಗಳು" ಎಂದಳು.

ಅಲ್ಲಿಗೆ ಅದೇ ಊರಿನ ಜಾಕಮರನ ಗ್ರಹಚಾರ ಶುರುವಾಯಿತು.

ಯಾಲ್ಪಾ ಬೋರ್‌ನಲ್ಲಿ ಮಗು ಹುಟ್ಟುವಾಗಲೇ ತಾಯಿಯ ಬೆಡಗಿಗೆ ತಕ್ಕ ತನ್ನದೊಂದು ಬೆಡಗು, ಅಂದರೆ ಕುಲ, ಹೊತ್ತುಕೊಂಡು ಬರುತ್ತದೆ. ಕರೆಯುವ ಹೆಸರೂ ಅದೇ, ನೆಂಟಸ್ತಿಕೆಯ ದಾರಿಯೂ ಅದೇ. ನಾಪಂಗಾರ್ಡಿ ಬೆಡಗಿನವಳ ಮಗಳು ಅಂದಮೇಲೆ ಅವಳು ನಂಗಾಲ. ಅದರಲ್ಲಿ ಎರಡು ಮಾತಿಲ್ಲ. ನಂಗಾಲ ಬೆಡಗಿನವರು ಜಾಕಮರ ಬೆಡಗಿನ ಗಂಡಸರಿಗೆಲ್ಲ ಹೆಣ್ಣು ಕೊಡುವ ಅತ್ತೆಯರು. ಅಳಿಯನಾದವನು ಅತ್ತೆಯ ಮುಖ ನೋಡಬಾರದು, ಮಾತಾಡಬಾರದು. ಎದುರಿಗೆ ಬಂದರೆ ದಾರಿ ಬಿಟ್ಟು ಮುಳ್ಳಿಗೆ ಇಳಿಯಬೇಕು. ಬೇಟೆಯಾಡಿದ್ದರಲ್ಲಿ ಒಳ್ಳೆಯ ತುಂಡನ್ನು ಮಾತ್ರ ತಪ್ಪದೆ ಕಳಿಸಬೇಕು.

ಕೆಲವು ವಾರಗಳಾದ ಮೇಲೆ ಜಾಕಮರ ಕೌನ್ಸಿಲ್ಲಿನಲ್ಲಿ ನಾಯಿ ಪಳಗಿಸುವ ಕೆಲಸಕ್ಕೆ ಸೇರಿದ. ಕೊಂದದ್ದು ಪೇಪರಿನಲ್ಲಿ ಬಂದು ಗಲಾಟೆಯಾದ ಮೇಲೆ ಕೌನ್ಸಿಲ್ಲಿಗೆ ಹಠಾತ್ತನೆ ಕರುಣೆ ಹುಟ್ಟಿತ್ತು. ಹಾರ್ಗ್ರೀವ್ ಎಂಬ ಅಧಿಕಾರಿಯನ್ನು ಕಳಿಸಿ ಹೊಸ ಕಾನೂನು ಸಾರಿದರು. 'ಸಿಟ್' ಅಂದರೆ ಕೂತು, 'ಸ್ಟೇ' ಅಂದರೆ ಅಲ್ಲೇ ಇದ್ದು, ಹಗ್ಗ ಹಾಕಿದರೆ ಹಿಂದೆ ಬರುವ ನಾಯಿಗೆ ನೀಲಿ ಬಿಲ್ಲೆ. ಬಾರದ ನಾಯಿಗೆ ವ್ಯಾನು. ಊರಿನ ನಲ್ಲಿ ಕೆಟ್ಟು ಬೇಸಿಗೆಯೇ ಕಳೆದಿತ್ತು. ಅದಕ್ಕೆ ಒಂದು ವಾಷರ್ ತಂದುಕೊಡಲಾರದ ವ್ಯಾನು ನಾಯಿಗೆ ಶಿಸ್ತು ತುಂಬಿಕೊಂಡು ವಾರವಾರವೂ ಬರತೊಡಗಿತು. ಜಾಕಮರ ಕೆಲಸ ಒಪ್ಪಿಕೊಂಡದ್ದು ಇನ್ನೊಂದು ಮರಿ ಆ ವ್ಯಾನು ಹತ್ತದಿರಲಿ ಎಂದೇ. ಊರಿಗೆ ಉಳಿದದ್ದೇ ಒಂದು ಮರಿ. ಅದು ಈಗ ಅವನ ಅತ್ತೆ.

ಕೆಲಸ ಒಪ್ಪಿಕೊಂಡ ಮೇಲೆ ಅದು ಹೊಳೆದದ್ದೇ ಅವನು ನಾಪಂಗಾರ್ಡಿಯ ಅಂಗಳಕ್ಕೆ ಓಡಿದ. ಬೇಲಿಯಾಚೆಯೇ ಬೆನ್ನು ತಿರುಗಿಸಿ ನಿಂತ.

"ಅಜ್ಜೀ, ಇದೇನ್ ಮಾಡ್ಬಿಟ್ಟೆ? ನಾನು ಅದಕ್ಕೆ... ಅವರಿಗೆ ಪಾಠ ಹೇಳೋದು ಹೆಂಗೆ?"

"ಬಾಯಲ್ಲಿ ಹೇಳಪ್ಪ."

"ಅತ್ತೆಗೆ ಕೂತ್ಕೊ ಅನ್ನೋಕಾಗುತ್ತಾ? ಮಗಳು ಅನ್ನೋ ಬದಲು ಮೊಮ್ಮಗಳು ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

"ಮೊಮ್ಮಗಳು ಅಂದಿದ್ರೆ ನಿನ್ನ ಹೆಂಡ್ತಿ ಬೆಡಗು ಆಗ್ತಿತ್ತು. ನೀನು ಕೂತ್ಕೊ ಅಂದ್ರೆ ನಿನ್ನ ಹೆಂಡ್ತಿ ಕೂರ್ತಾಳೇನೋ?"

ಟೀ ಕುಡಿಯುತ್ತಿದ್ದ ಹೆಂಗಸರು ಉರುಳಾಡಿ ನಕ್ಕರು. ಅವರಲ್ಲಿ ಅವನ ಹೆಂಡತಿ ನಪಲ್ಜಾರಿಯೂ ಇದ್ದಳು. ಹೆಚ್ಚು ನಕ್ಕವಳು ಅವಳೇ.

ಕೊನೆಗೆ ಅವಳೇ ಮಧ್ಯಸ್ಥಿಕೆಗೆ ಒಪ್ಪಿದಳು. ಜಾಕಮರ ಮರಿಗೆ ಬೆನ್ನು ಹಾಕಿ ದೂರದ ಗುಡ್ಡಕ್ಕೆ ಪಾಠ ಹೇಳುವುದು. ಹೆಂಡತಿ ಅದನ್ನು ಮರಿಗೆ ಮುಟ್ಟಿಸುವುದು.

"ಕೂತ್ಕೋಬೇಕಂತೆ ಅಂತ ಹೇಳು," ಎಂದ ಗುಡ್ಡಕ್ಕೆ.

"ಅಮ್ಮಾ, ಕೂತ್ಕೋಬೇಕಂತೆ," ಎಂದಳು ನಪಲ್ಜಾರಿ. ನಂಗಾಲ ಅವಳಿಗೆ ತಾಯಿಯಾಗಬೇಕಲ್ಲ! ಹಾಗಾಗಿ ಅವಳ ದನಿಯೂ ಅರ್ಧಕ್ಕೆ ಇಳಿದಿತ್ತು. "ನಾನಲ್ಲಮ್ಮ, ಇವ್ರು ಹೇಳ್ತಿರೋದು. ನಿಂಗೆ ಇಷ್ಟ ಇದ್ರೆ ಕೂತ್ಕೊ."

ಅತ್ತೆಯವರಿಗೆ ಇಷ್ಟವಿರಲಿಲ್ಲ. ಅವರು ಮಗಳ ಚಪ್ಪಲಿ ಕಚ್ಚಿಕೊಂಡು ಓಡಿದರು.

"ಕೂತ್ರಾ?" ಎಂದ ಗುಡ್ಡದ ಕಡೆಯಿಂದ ಕಣ್ಣು ಕೀಳದೆ.

"ಯೋಚನೆ ಮಾಡ್ತಾ ಇದಾರೆ."

ಕಾಂಗರೂ ಬಾಲ ಸುಟ್ಟ ದಿನ ಮೊದಲ ತುಂಡು ಪದ್ಧತಿಯಂತೆ ಅತ್ತೆಗೆ ಹೋಗುತ್ತಿತ್ತು. ಆಜ್ಞೆ ಪಾಲಿಸಿದ ಮೇಲೆ ತಿಂಡಿ ಎಂಬುದು ಹಾರ್ಗ್ರೀವ್ ಕಲಿಸಿದ ಪಾಠ. ಇಲ್ಲಿ ತಿಂಡಿ ಮೊದಲೇ ಸಂದಾಯವಾಗುತ್ತಿದ್ದುದರಿಂದ ಅತ್ತೆಯವರು ತಿಂದು, ಮುಖ ಒರೆಸಿಕೊಂಡು, ನೆರಳಲ್ಲಿ ಮಲಗುತ್ತಿದ್ದರು. ಮೈ ಬಂತು. ಯೋಚಿಸುತ್ತಿದ್ದ ಕಿವಿಯೂ ಎದ್ದು ನಿಂತಿತು. ಕಲಿತದ್ದು ಮಾತ್ರ ಒಂದೇ: ತನ್ನನ್ನು ಕಂಡರೆ ದಾರಿ ಬಿಟ್ಟು ಓಡುವ ಮನುಷ್ಯ ಊರಿಗೆಲ್ಲ ಒಬ್ಬನೇ ಇದ್ದಾನೆ, ಅವನನ್ನು ಅಟ್ಟಿಸಿಕೊಂಡು ಹೋಗುವುದು ಬಹಳ ಮಜಾ. ಜಾಕಮರ ಅಂಗಡಿಗೆ ಹೊರಟರೆ ಹಿಂದೆ ಅತ್ತೆ. ಅವನು ಮುಳ್ಳುಹುಲ್ಲಿಗೆ ಹಾರಿದರೆ ಅವರೂ ಹಾರುವರು. ಕೌನ್ಸಿಲ್ಲಿನ ನೀಲಿ ಅಂಗಿ ತೊಟ್ಟ ನಾಯಿ ಪಂಡಿತ ಮೊಣಕಾಲಿಗೂ ಬಾರದ ಮರಿಗೆ ಹೆದರಿ ಬೇಲಿ ಹತ್ತುವುದನ್ನು ನೋಡಲು ಜನ ಟೀ ಲೋಟ ಹಿಡಿದು ಬಾಗಿಲಿಗೆ ಬಂದು ಕೂರುತ್ತಿದ್ದರು.

"ಓಡೋ ಅಳಿಯಾ! ಅತ್ತೆ ಬಂದ್ರು, ಕೊಟ್ಟ ಹೆಣ್ಣನ್ನ ವಾಪಸ್ ಕೇಳ್ತಾರೆ!" ಎಂದು ಯಾರೋ ಕೂಗುವರು.

ಬಿಲ್ಲೆ ಕೊಡಲು ಹಾರ್ಗ್ರೀವ್ ಗೊತ್ತುಮಾಡಿದ್ದ ಪರೀಕ್ಷೆಯ ಹಿಂದಿನ ದಿನ ಮಾತ್ರ ಯಾರೂ ನಗಲಿಲ್ಲ. ನಾಪಂಗಾರ್ಡಿ ಬೆಂಕಿಯ ಮುಂದೆ ಕೂತು ಮರಿಯ ಮೈಗೆ ಕಚ್ಚಿದ್ದ ಉಣ್ಣೆಹುಳ ಕೀಳುತ್ತಿದ್ದಳು.

"ಕಲೀತಾಳೇನೋ?" ಎಂದು ಕೇಳಿದಳು.

ಜಾಕಮರ ಸುಳ್ಳು ಹೇಳಲಿಲ್ಲ. "ಇಲ್ಲ ಅಜ್ಜಿ. ತಪ್ಪು ಅವರದಲ್ಲ, ನಂದು."

"ನಾವು ಚಿಕ್ಕವರಿದ್ದಾಗ ಬಿಳಿಯರು ಮೊದಲು ಕಲಿಸಿದ್ದೂ ಇದೇ. ಕೂತ್ಕೊ, ಅಲ್ಲೇ ಇರು, ಸಾಲಲ್ಲಿ ಬಾ. ಚೆನ್ನಾಗೇ ಕಲಿತ್ವಿ. ಕಲಿತಿದ್ದಕ್ಕೆ ಯಾರನ್ನಾದ್ರೂ ಎತ್ಕೊಂಡು ಹೋಗದೆ ಬಿಟ್ರೇನು?" ಮುದುಕಿ ಒಂದು ಉಣ್ಣೆಯನ್ನು ಬೆಂಕಿಗೆ ಎಸೆದಳು. "ಇವಳನ್ನ ಕೊಡಲ್ಲ ನಾನು. ಇವಳೂ ಹೋದ್ರೆ ಈ ಮನೇಲಿ ಹೆಸರು ಹಿಡಿದು ಕರೆಯೋಕೆ ನಂಗೆ ಯಾರೂ ಇಲ್ಲ."

ಮಾರನೆಯ ದಿನ ಫುಟ್‌ಬಾಲ್ ಮೈದಾನದಲ್ಲಿ ವ್ಯಾನು ನಿಂತಿತು. ಹಾರ್ಗ್ರೀವ್ ಟೋಪಿ ಸರಿಮಾಡಿಕೊಂಡು ಇಳಿದ. ಕೆಟ್ಟ ಮನುಷ್ಯನಲ್ಲ, ಎಲ್ಲರಿಗೂ ಬಿಸ್ಕತ್ತು ತಂದಿದ್ದ, ನಾಯಿಗೂ ಸೇರಿಸಿ.

"ಎಲ್ಲಪ್ಪಾ ನಿನ್ನ ಶಿಷ್ಯ?"

ಜಾಕಮರ ಬೆನ್ನ ಹಿಂದಕ್ಕೆ ಕೈ ತೋರಿಸಿದ.

"ಆ ಕಡೆ ಯಾಕೆ ನೋಡ್ತಿದೀಯ?"

"ಹವಾ ಚೆನ್ನಾಗಿದೆ ಬಾಸ್."

ಹಾರ್ಗ್ರೀವ್ ತಾನೇ ಮರಿಯ ಮುಂದೆ ನಿಂತು "ಸಿಟ್!" ಎಂದ. ಮರಿ ಅವನ ಬಾಯನ್ನು ಕುತೂಹಲದಿಂದ ನೋಡಿತು. "ಸಿಟ್!" ಮರಿ ಬಿಸ್ಕತ್ತಿನ ಪೊಟ್ಟಣವನ್ನೇ ಎಳೆದು ಬೀಳಿಸಿತು. "ನೋಡು, ಹೀಗೆ," ಎಂದು ಅವನು ಮಂಡಿ ಮಡಿಸಿ ಕುಕ್ಕರುಗಾಲಲ್ಲಿ ಕೂತು ತೋರಿಸಿದ. ಮರಿ ನಿಂತೇ ಇತ್ತು.

"ಪಾಸಾದ ನೋಡ್ರೇ! ಬಿಲ್ಲೆ ಕಟ್ಟಿ ಅವನಿಗೆ!" ಎಂದಳು ನಾಪಂಗಾರ್ಡಿ.

ಮೈದಾನ ಘೊಳ್ಳೆಂದಿತು. ಹಾರ್ಗ್ರೀವ್‌ನ ಮುಖ ಕೆಂಪಾಯಿತು. ಎದ್ದು ಪ್ಯಾಂಟಿನ ಧೂಳು ಕೊಡವಿ, "ಫೇಲ್. ವ್ಯಾನಿಗೆ ಹಾಕು," ಎಂದ.

ನಗು ನಿಂತಿತು. ನಾಪಂಗಾರ್ಡಿ ಏಳಲು ಕೈಯೂರಿದಳು. ಮಂಡಿ ಬೇಗ ಏಳಗೊಡಲಿಲ್ಲ.

"ನಿನಗೇ ಹೇಳಿದ್ದು ಜಾಕಮರ. ಎತ್ತಿ ಒಳಗೆ ಹಾಕು."

"ನನ್ನಿಂದ ಆಗಲ್ಲ ಬಾಸ್. ಅವರು ನಮ್ಮತ್ತೆ."

"ಯಾರು?"

"ಈಗ ನಿಮ್ಮ ಬಿಸ್ಕತ್ತು ತಿಂತಿದಾರಲ್ಲ, ಅವರು."

ಹಾರ್ಗ್ರೀವ್ ಮರಿಯನ್ನು ನೋಡಿದ, ಜಾಕಮರನ ಬೆನ್ನನ್ನು ನೋಡಿದ. ಈ ಊರಿನ ಅತ್ತೆ ಅಳಿಯಂದಿರ ಕಟ್ಟುಪಾಡು ಅವನಿಗೆ ಗೊತ್ತಿತ್ತು. ಕೌನ್ಸಿಲ್ಲಿನಲ್ಲಿ ಅದನ್ನು ಗೌರವಿಸಬೇಕೆಂದು ಪಾಠವೂ ಆಗಿತ್ತು.

"ಸರಿ, ಮುಟ್ಟಬೇಡ. ನಿಮ್ಮ ಪದ್ಧತಿ ನಾನು ಗೌರವಿಸ್ತೀನಿ," ಎಂದು ಬಾಗಿ ಮರಿಯನ್ನು ತಾನೇ ಎರಡೂ ಕೈಯಲ್ಲಿ ಎತ್ತಿಕೊಂಡ. ಮರಿ ಕೊಸರಾಡುತ್ತ ಅವನ ಕಿವಿ ನೆಕ್ಕಿತು. ವ್ಯಾನಿನ ಪಂಜರಕ್ಕೆ ಬೀಗವಿತ್ತು. ನಾಯಿ ಕೆಲಸದವನೆಂದು ಕೌನ್ಸಿಲ್ಲು ಕೊಟ್ಟಿದ್ದ ಅದರ ಬೀಗದ ಕೈ ಜಾಕಮರನ ಸೊಂಟದಲ್ಲಿತ್ತು.

"ನೀನು ಆ ಕಡೆಯೇ ನೋಡ್ತಾ ಇರು. ಬಾಗಿಲು ಮಾತ್ರ ತೆಗಿ."

ಜಾಕಮರ ಅಲುಗಲಿಲ್ಲ.

"ಬಾಗಿಲಿಗೂ ನಿನಗೂ ಏನಾದ್ರೂ ನೆಂಟಸ್ತಿಕೆ ಇದೆಯೇನಯ್ಯಾ?"

"ಇಲ್ಲ ಬಾಸ್."

"ಮುಟ್ಟಬಾರದು, ನೋಡಬಾರದು ಅಂತ ಏನಾದ್ರೂ ಇದೆಯಾ?"

"ಬಾಗಿಲಿಗಾ? ಏನೂ ಇಲ್ಲ."

"ಹಾಗಾದ್ರೆ ತೆಗಿ."

"ತೆಗೆಯಲ್ಲ," ಎಂದ ಜಾಕಮರ.