ಹೊಡೆದವನ ಮುಖ

ಸಪ್ತಾಪುರದ ಬಾಡಿಗೆ ಕೋಣೆಯಲ್ಲಿ ಚಿನ್ಮಯೀ ಬರೆಯುತ್ತಿದ್ದ ಚಿತ್ರದ ಮುಂದೆ ಕಾರ್ಖಾನೆ ಕಾರ್ಮಿಕ ಫಕೀರೇಶ ಮಾದರಿಯಾಗಿ ನಿಂತಿದ್ದ. ಚಿತ್ರದಲ್ಲಿ ವಸಾಹತು ಕಾಲದ ಆಫ್ರಿಕಾದ ತಾಮ್ರದ ಗಣಿಯೊಂದರ ಬಾಗಿಲು. ಮುಷ್ಕರ ಹೂಡಿದ ಕಾರ್ಮಿಕರ ಮೇಲೆ ಬ್ರಿಟಿಷ್ ಸರ್ಕಾರದ ಸಿಪಾಯಿಗಳು ಗುಂಡು ಹಾರಿಸುತ್ತಿದ್ದರು. ಮೂವರು ರಕ್ತದ ಮಡುವಿನಲ್ಲಿ ಬಿದ್ದಿದ್ದರು. ಒಬ್ಬನ ದವಡೆಯೇ ಹಾರಿಹೋಗಿತ್ತು. ಸಿಪಾಯಿಗಳ ಬೆನ್ನಷ್ಟೇ ಕಾಣುತ್ತಿತ್ತು.

ಹೋದ ವರ್ಷ ತಾರಿಹಾಳದ ಕಾರ್ಖಾನೆಯೊಂದರ ಗೇಟಿನಲ್ಲಿ ಧರಣಿ ಕೂತಾಗ ಮಾಲೀಕನ ಕಡೆಯವರು ಕಬ್ಬಿಣದ ರಾಡಿನಿಂದ ಫಕೀರೇಶನ ಮುಂಗೈ ಮುರಿದಿದ್ದರು.

'ಮುಷ್ಟಿ ಎತ್ತಿ ನಿಲ್ರಿ, ಕಾಕಾ,' ಎಂದಳು ಚಿನ್ಮಯೀ.

ಎತ್ತಿದ. ಗೆಳತಿ ಸೃಷ್ಟಿ, ಸಿಪಾಯಿ ಬಂದೂಕಿನ ಹಿಡಿಯಿಂದ ಹೊಡೆಯುವಂತೆ ಕೋಲು ಬೀಸಿದ್ದೇ ತಡ, ಅವನು ನೆಲಕ್ಕೆ ಕುಸಿದು ಎರಡೂ ಕೈಯಿಂದ ತಲೆ ಮುಚ್ಚಿಕೊಂಡ. ಚಿನ್ಮಯೀಯ ಪೆನ್ಸಿಲ್ ಸರಸರ ಓಡಿತು.

'ಇದನ್ನ ಬರೀಬ್ಯಾಡ್ರಿ ಅಕ್ಕಾರ. ನಮ್ಮ ಮಂದಿ ನೋಡಿದ್ರ ಅಂಜುಬುರುಕ ಅಂತಾರ.'

'ಅವತ್ತು ಖರೇ ಹಿಂಗ ಕುಂತಿದ್ರೇನ್ರಿ?'

'ಹೂನ್ರಿ. ಬೆರಳಸಂದ್ಯಾಗಿಂದ ನೋಡಿದ್ರ ಹೊಡ್ಯಾಂವ ನಗಾಕತ್ತಿದ್ದ. ನಾ ಕುಸದದ್ದು ಬರಿಯೋದಾದ್ರ ಅವನ ನಗೀನೂ ಬರೀರಿ. ಬರೇ ಬೆನ್ನ ಯಾಕ ಬರದೀರಿ?'

ಚಿನ್ಮಯೀ ಚಾಕು ತೆಗೆದುಕೊಂಡು ಮುಂದಿನ ಸಿಪಾಯಿಯ ಬೆನ್ನಿನ ಬಣ್ಣ ಕೆರೆಯತೊಡಗಿದಳು.

'ಅವನ ಹಲ್ಲ ಹೆಂಗಿದ್ವು, ಹೇಳ್ರಿ.'

ಫಕೀರೇಶ ಮತ್ತೆ ತಲೆಯ ಮೇಲೆ ಕೈಯಿಟ್ಟು ಕೂತು ಹೇಳತೊಡಗಿದ.