ಕೆಳಗ ಅಕ್ಷರ ಬರ್ತಾವೇನು?

ನಾನು ಒಂದು ಡಿಸ್ಕ್ ಪ್ಲೇಯರ್. ಹುಟ್ಟಿದ್ದು ಸಮುದ್ರದಾಚೆಯ ಒಂದು ಕಾರ್ಖಾನೆಯಲ್ಲಿ. ಬಿಳಿ ಕೈಗವಸು ತೊಟ್ಟ ಹೆಂಗಸೊಬ್ಬಳು ನನ್ನ ಹೊಟ್ಟೆಗೆ ಏಳು ಸ್ಕ್ರೂ ಬಿಗಿದಳು. ಆಮೇಲೆ ಒಂದು ಗುಂಡಿ ಒತ್ತಿ, ಡಿಸ್ಕ್ ಇಡುವ ನನ್ನ ಟ್ರೇಯನ್ನು ಹೊರಗೆ ಬರಿಸಿ, ಮತ್ತೆ ಒಳಗೆ ಕಳಿಸಿ ನೋಡಿದಳು. ಡಾಕ್ಟರು ಮಗುವಿನ ನಾಲಿಗೆ ನೋಡುವ ಹಾಗೆ. ಸರಿಯಿದೆ ಎಂದು ಬೆನ್ನಿಗೊಂದು ಚೀಟಿ ಅಂಟಿಸಿದಳು. ಅವಳ ಮುಖವನ್ನು ನಾನು ಮತ್ತೆ ನೋಡಲಿಲ್ಲ.

ನನ್ನೊಳಗೆ ಎರಡು ವಿದ್ಯೆಗಳಿದ್ದವು. ಡಿಸ್ಕ್ ಹಾಕಿದರೆ ಅದರಲ್ಲಿರುವುದನ್ನು ತೋರಿಸುವುದು ಒಂದು. ನೆಟ್ ಸಿಕ್ಕರೆ ಊರಾಚೆಯಿಂದ ಸಿನಿಮಾ ತರಿಸಿ ತೋರಿಸುವುದು ಇನ್ನೊಂದು. ಹುಬ್ಬಳ್ಳಿಯ ಅಂಗಡಿಯಲ್ಲಿ ನನ್ನ ಎಡಕ್ಕೆ ಬರೀ ಡಿಸ್ಕ್ ಓಡಿಸುವ ಒಬ್ಬ ಅಣ್ಣ ಕುಳಿತಿದ್ದ. ಬಲಕ್ಕೆ ಬೆರಳುದ್ದದ ಒಂದು ಕಡ್ಡಿ ಇತ್ತು. ಅದಕ್ಕೆ ನೆಟ್ ಬಿಟ್ಟರೆ ಬೇರೇನೂ ಬೇಡ. ಗಿರಾಕಿಗಳು ಅಣ್ಣನನ್ನು ಕರುಣೆಯಿಂದಲೂ ಕಡ್ಡಿಯನ್ನು ಆಸೆಯಿಂದಲೂ ನೋಡುತ್ತಿದ್ದರು. ನಡುವೆ ನಾನು.

ಒಂದು ಭಾನುವಾರ ರಾಣೆಬೆನ್ನೂರಿನಿಂದ ಒಂದು ಮನೆಯವರು ಬಂದರು. ಮುಂದೆ ಶಂಕ್ರವ್ವ, ಅವಳ ಹಿಂದೆ ಮಗ ಮಹಾಂತೇಶ, ಅವನ ಹಿಂದೆ ಅಪ್ಪ, ನಿವೃತ್ತ ಇಂಗ್ಲಿಷ್ ಮಾಸ್ತರು ಶಿವಪುತ್ರಪ್ಪ, ಎಲ್ಲರಿಗಿಂತ ಹಿಂದೆ, ಫ್ರಿಜ್ಜಿನ ಮರೆಯಲ್ಲಿ, ಸೊಸೆ ದಾಕ್ಷಾಯಿಣಿ.

"ಸರ್, ಈಗ ಡಿಸ್ಕ್ ಯಾರ ಹಾಕ್ತಾರ್ರಿ? ಈ ಕಡ್ಡಿ ತಗೋರಿ. ಟಿವಿ ಹಿಂದ ಚುಚ್ಚಿದ್ರ ಮುಗೀತು," ಎಂದ ಅಂಗಡಿಯವನು.

"ಮನ್ಯಾಗ ಒಂದು ಟ್ರಂಕು ತುಂಬ ಡಿಸ್ಕ್ ಅದಾವಪಾ," ಎಂದಳು ಶಂಕ್ರವ್ವ. "ಅವನ್ನೇನು ಕರದು ಹಪ್ಪಳಂತ ಬಡಸ್ಲೇನು?"

ಅವಳ ಧ್ವನಿಗೆ ಆಚೆ ಸಾಲಿನ ಗಿರಾಕಿಗಳೂ ತಿರುಗಿ ನೋಡಿದರು. ಮಹಾಂತೇಶ ನನ್ನ ತಲೆಯ ಮೇಲೆ ಕೈಯಿಟ್ಟ. "ಡಿಸ್ಕೂ ಇರ್ಲಿ, ನೆಟ್ಟೂ ಇರ್ಲಿ. ಇದನ್ನ ತಗೊಳ್ಳೂಣು."

ಅಂಗಡಿಯವನು ನನ್ನ ಗುಣಗಾನ ಶುರು ಮಾಡಿದ. ಚಿತ್ರ ಎಷ್ಟು ಸ್ವಚ್ಛ, ನೆಟ್ ಎಷ್ಟು ಬೇಗ, ಏನೇನು ಬರುತ್ತದೆ ಎಂದೆಲ್ಲ. ಮಾಸ್ತರು ಅವನ ಕಡೆ ನೋಡಲಿಲ್ಲ. ಬಗ್ಗಿ, ನನ್ನ ಪೆಟ್ಟಿಗೆಯ ಮೇಲೆ ಅಚ್ಚಾದದ್ದನ್ನೆಲ್ಲ ಬೆರಳಿಟ್ಟು ಓದಿದರು. ಓದಿ ಮುಗಿಸಿ ಒಂದೇ ಪ್ರಶ್ನೆ ಕೇಳಿದರು.

"ಕೆಳಗ ಅಕ್ಷರ ಬರ್ತಾವೇನು?"

"ಸಬ್‌ಟೈಟಲ್ಲೇನ್ರಿ? ಡಿಸ್ಕಿನ್ಯಾಗ ಇದ್ರ ಬರ್ತಾವ್ರಿ ಸರ್," ಎಂದು ಅವನು ಹಾಕಿಯೇ ತೋರಿಸಿದ. ಮಾಸ್ತರ ಮುಖ ಬೆಳಗಿತು.

"ಬಿಲ್ಲು ಯಾರ ಹೆಸರಿಗೆ ಮಾಡ್ಲಿರಿ?"

"ಕರೇದ ಇರ್ಲಿ," ಎಂದರು ಮಾಸ್ತರು. "ಬೆಳ್ಳಂದು ಧೂಳು ಕಾಣತೈತಿ."

ಎಲ್ಲರೂ ನಕ್ಕರು. "ಇವರ ಲಕ್ಷ್ಯ ಎಲ್ಲಿರತೈತೋ," ಎಂದಳು ಶಂಕ್ರವ್ವ. ನಾನು ಮಾತ್ರ ನಗಲಿಲ್ಲ. ಧ್ವನಿ ಮತ್ತು ಅಕ್ಷರ ಎರಡನ್ನೂ ಹೊತ್ತು ತಿರುಗುವ ವಸ್ತು ನಾನು. ಮಾಸ್ತರಿಗೆ ಇವೆರಡರಲ್ಲಿ ಯಾವುದು ಬೇಕಾಗಿದೆ ಎಂಬುದು ನನಗೆ ಅಲ್ಲೇ ತಿಳಿದಿತ್ತು.

ರಾಣೆಬೆನ್ನೂರಿನ ಮನೆಯಲ್ಲಿ ನನ್ನನ್ನು ಟಿವಿಯ ಕೆಳಗಿನ ಹಲಗೆಯ ಮೇಲಿಟ್ಟರು. ನಿಂತವರು ಅಲ್ಲಿಂದ ಮೊಣಕಾಲಿನವರೆಗೆ ಮಾತ್ರ ಕಾಣುತ್ತಾರೆ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಮಹಾಂತೇಶನ ಹಿಮ್ಮಡಿಯಲ್ಲಿ ಎಷ್ಟು ತೊಳೆದರೂ ಹೋಗದ ಕಪ್ಪು. ಮಾಸ್ತರ ಉಗುರು ಸದಾ ಒಪ್ಪವಾಗಿ ಕತ್ತರಿಸಿದ್ದು. ದಾಕ್ಷಾಯಿಣಿಯ ಪಾದಗಳು ಅಡುಗೆಮನೆಯ ಹೊಸ್ತಿಲವರೆಗೆ ಬಂದು ನಿಂತುಬಿಡುತ್ತಿದ್ದವು. ಮದುವೆಯಾಗಿ ಎರಡು ವರ್ಷವಾಗಿತ್ತು. ಆ ಹೊಸ್ತಿಲು ಅವಳಿಗೆ ಇನ್ನೂ ಬಸ್ ಸ್ಟಾಪಿನ ಹಾಗಿತ್ತು; ಅಲ್ಲಿ ನಿಂತು ಯಾರಾದರೂ ಕರೆಯಲಿ ಎಂದು ಕಾಯುವುದು.

ಆ ಮನೆಯಲ್ಲಿ ಮಾತೆಂದರೆ ಕೂಗು. ಶಂಕ್ರವ್ವ ಒಗ್ಗರಣೆಗೆ ಕರಿಬೇವು ಕೇಳಿದರೆ ನಾಲ್ಕನೆಯ ಮನೆಯವರು ತಂದುಕೊಡುತ್ತಿದ್ದರು. ಮಹಾಂತೇಶ ದಿನವೆಲ್ಲ ಎಂಜಿನ್ನುಗಳ ನಡುವೆ ಇದ್ದು ಬಂದವನು, ಮನೆಯಲ್ಲೂ ಅದೇ ಧ್ವನಿ. ದಾಕ್ಷಾಯಿಣಿಯ ಮಾತು ಮಾತ್ರ ಬಟ್ಟೆಯಲ್ಲಿ ಸೋಸಿದ ನೀರಿನ ಹಾಗೆ ಸದ್ದಿಲ್ಲದೆ ಬರುತ್ತಿತ್ತು.

ಮಧ್ಯಾಹ್ನ ಮಾಸ್ತರು ಟ್ರಂಕಿನಿಂದ ಒಂದು ಕನ್ನಡ ಸಿನಿಮಾ ಆರಿಸಿ ನನ್ನ ನಾಲಿಗೆಯ ಮೇಲಿಡುತ್ತಿದ್ದರು. ಕೆಳಗೆ ಇಂಗ್ಲಿಷ್ ಅಕ್ಷರ ಓಡಬೇಕು. ಓಡಿದ್ದರಲ್ಲಿ ತಪ್ಪು ಹಿಡಿಯುವುದು ಅವರ ಕೆಲಸ.

"ನೋಡು ನೋಡು, 'ತಲೆ ತಿನ್ನಬ್ಯಾಡ' ಅಂದಿರಬೇಕು, ಅದಕ್ಕ 'ಡೋಂಟ್ ಈಟ್ ಹೆಡ್' ಅಂತ ಬರದಾನ. ಇವಗ ಯಾರು ಪಾಸ್ ಮಾಡಿದ್ರು?"

ಹೊಸ್ತಿಲ ಮೇಲಿನ ಪಾದಗಳು ನಗುವಿಗೆ ಅಲುಗುತ್ತಿದ್ದವು. ಸಂಜೆ ಮಗ ಬಂದು ಫೋನಿನಿಂದ ನೆಟ್ ಕೊಟ್ಟು ನಗೆಯ ತುಣುಕುಗಳನ್ನು ಹಾಕಿದರೆ ಮಾಸ್ತರು ಮಾತ್ರ ಎದ್ದು ಅಂಗಳಕ್ಕೆ ಹೋಗಿಬಿಡುತ್ತಿದ್ದರು. ಅವುಗಳ ಕೆಳಗೆ ಅಕ್ಷರ ಬರುತ್ತಿರಲಿಲ್ಲ. ಅಪ್ಪನಿಗೆ ನೆಟ್ಟಿನದು ಹಿಡಿಸುವುದಿಲ್ಲ, ಹಳೇ ಕಾಲದವರು ಎಂದು ಮಗ ತಿಳಿದಿದ್ದ.

ಆ ವರ್ಷ ಮಗಳ ಬಾಣಂತನಕ್ಕೆಂದು ಶಂಕ್ರವ್ವ ಗದಗಿಗೆ ಹೋದಳು. ಮೂರು ತಿಂಗಳು. ಮಹಾಂತೇಶ ಬೆಳಿಗ್ಗೆ ಡಿಪೋಗೆ ಹೋದ ಮೇಲೆ ಮನೆಯಲ್ಲಿ ಮಾವ, ಸೊಸೆ, ನಾನು. ಫ್ಯಾನಿನ ಸದ್ದು ಇಷ್ಟು ದೊಡ್ಡದೆಂದು ನನಗೆ ತಿಳಿದದ್ದೇ ಆಗ.

ಅದೇ ದಿನಗಳಲ್ಲಿ ದಾಕ್ಷಾಯಿಣಿ ನನ್ನನ್ನು ಮೆಲ್ಲಗೆ ಎತ್ತಿ ನನ್ನ ಅಡಿಯಲ್ಲಿ ಒಂದು ಕಾಗದ ಇಟ್ಟಳು. ಬಿ.ಎಡ್. ಕಾಲೇಜಿನ ಅರ್ಜಿ. ಬಿ.ಎ. ಮುಗಿಸಿದಾಗಿನಿಂದ ಟೀಚರ್ ಆಗಬೇಕೆಂಬ ಆಸೆ. ಗಂಡ "ನಂದೇನಿಲ್ಲ, ಅಪ್ಪನ್ನ ಒಂದು ಮಾತು ಕೇಳು" ಎಂದಿದ್ದ. ಕಾಗದ ಮಡಿಕೆಯಾಗದಿರಲಿ ಎಂದು ನನ್ನ ಭಾರ ಬೇಕಾಗಿತ್ತು. ಕೊನೆಯ ದಿನಾಂಕ ಶನಿವಾರ ಎಂದು ಅದರ ತಲೆಯ ಮೇಲೆಯೇ ಅಚ್ಚಾಗಿತ್ತು. ನಾನು ದಿನವೂ ಅದನ್ನು ಹೊಟ್ಟೆಯಡಿ ಬೆಚ್ಚಗಿಟ್ಟುಕೊಂಡಿದ್ದೆ.

ಅವಳು ಮೂರು ಸಲ ಕೇಳಿದಳು. ಮೂರಕ್ಕೂ ನಾನು ಸಾಕ್ಷಿ.

ಮೊದಲ ಸಲ ಮಾಸ್ತರು ಪೇಪರ್ ಓದುತ್ತಿದ್ದರು. ಅವಳು ಹೊಸ್ತಿಲಲ್ಲಿ ನಿಂತು, "ಮಾವಾರ, ನಾ ಬಿ.ಎಡ್. ಮಾಡಬೇಕಂತ ಮಾಡೀನ್ರಿ," ಎಂದಳು. ಅವರು ಪುಟ ತಿರುವಿದರು. ಎರಡನೆಯ ಸಲ ಊಟಕ್ಕೆ ಬಡಿಸುತ್ತ, ಪಲ್ಯದ ಪಾತ್ರೆ ನೋಡುತ್ತ ಕೇಳಿದಳು. "ಉಪ್ಪು ಬರೋಬರಿ ಐತಿ," ಎಂದರು ಅವರು. ಅವಳ ಕೈಯ ಸೌಟು ಅಲ್ಲೇ ನಿಂತಿತು. ಮಾತು ತೇಲಿಸಿಬಿಟ್ಟರು ಎಂದುಕೊಂಡಿರಬೇಕು. ಮೂರನೆಯ ಸಲ, ಗುರುವಾರ, ಅವರು ಅಂಗಳಕ್ಕೆ ಹೋಗುವಾಗ ಬೆನ್ನ ಹಿಂದಿನಿಂದ ಕೇಳಿದಳು. ಅವರು ಚಪ್ಪಲಿ ಮೆಟ್ಟಿ ಹೋಗೇಬಿಟ್ಟರು.

ಅವಳು ಬಂದು ನನ್ನ ಮುಂದೆ ಕುಳಿತು, ನನ್ನನ್ನು ಎತ್ತಿ, ಅರ್ಜಿಯ ಅಂಚನ್ನು ಮುಟ್ಟಿ, ಮತ್ತೆ ನನ್ನನ್ನು ಅಲ್ಲೇ ಇಟ್ಟಳು. ಅಂದು ಅವಳು ರೊಟ್ಟಿ ಬಡಿದ ಸದ್ದಿನಲ್ಲೂ ಜೀವವಿರಲಿಲ್ಲ.

ಶುಕ್ರವಾರ ಮಧ್ಯಾಹ್ನ ಮಾಸ್ತರು ಒಂದು ಹಾಸ್ಯದ ಸಿನಿಮಾ ಹಾಕಿದರು. ದಾಕ್ಷಾಯಿಣಿ ಹೊಸ್ತಿಲಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು. ನಡುವೆ ಕರೆಂಟು ಹೋಗಿ ಬಂತು. ನನ್ನಲ್ಲಿ ಒಂದು ದೋಷವಿದೆ: ಕರೆಂಟು ಹೋದರೆ ಸಬ್‌ಟೈಟಲ್ ಹಾಕಿದ್ದನ್ನು ಮರೆಯುತ್ತೇನೆ. ಸಿನಿಮಾ ಮತ್ತೆ ಶುರುವಾಯಿತು, ಕೆಳಗೆ ಅಕ್ಷರವಿಲ್ಲ.

ಮಾಸ್ತರು ಹತ್ತಾರು ಸಲ ನೋಡಿದ ಸಿನಿಮಾ ಅದು. ನಗೆಯ ದೃಶ್ಯ ಬಂತು. ಅವರು ನಗಲಿಲ್ಲ. ಕುರ್ಚಿಯ ತುದಿಗೆ ಬಂದು ನಟರ ಬಾಯಿಯನ್ನೇ ನೋಡಿದರು. ರಿಮೋಟಿನ ಸಿಕ್ಕ ಸಿಕ್ಕ ಗುಂಡಿ ಒತ್ತಿದರು. ನಾನು ಸುಮ್ಮನೆ ನಾಲಿಗೆ ಹೊರಗೆ ಚಾಚಿ ಒಳಗೆಳೆದುಕೊಂಡೆ. ದಾಕ್ಷಾಯಿಣಿ ಎದ್ದು ಬಂದು, ರಿಮೋಟು ಇಸಿದುಕೊಂಡು ಅಕ್ಷರ ಬರಿಸಿಕೊಟ್ಟಳು.

ಆಗ ಅವರು ನಕ್ಕರು. ನಟ ಮಾತು ಮುಗಿಸುವ ಮೊದಲೇ ನಕ್ಕರು.

ಅಕ್ಷರ ಇಡಿಯಾಗಿ ಒಮ್ಮೆಗೇ ಬರುತ್ತದೆ. ಮಾತು ಒಂದೊಂದೇ ಶಬ್ದವಾಗಿ ಹಿಂದೆ ಬರುತ್ತದೆ. ಆ ಮನೆಯಲ್ಲಿ ಮಾಸ್ತರ ನಗು ಯಾವಾಗಲೂ ಮಾತಿಗಿಂತ ಮುಂದೆ ಓಡುತ್ತಿತ್ತು. ನನಗದು ಹಳೆಯ ಸಂಗತಿ. ದಾಕ್ಷಾಯಿಣಿಯ ಪಾದಗಳು ಈ ಸಲ ಹೊಸ್ತಿಲಿಗೆ ಹಿಂದಿರುಗಲಿಲ್ಲ. ಕುರ್ಚಿಯ ಹಿಂದೆ ನಿಂತು ತನ್ನ ಎಂದಿನ ಧ್ವನಿಯಲ್ಲಿ ಅವಳು ಕೇಳಿದಳು:

"ಮಾವಾರ, ಚಾ ಮಾಡ್ಲಿರಿ?"

ಚಹಾ ಎಂದರೆ ಓದುತ್ತಿದ್ದ ಸಾಲನ್ನೂ ಅರ್ಧಕ್ಕೆ ಬಿಡುವ ಮನುಷ್ಯ ಅವರು. ತಿರುಗಲಿಲ್ಲ. ಅವಳು ಇನ್ನೊಮ್ಮೆ ಕೇಳಿದಳು. ತಿರುಗಲಿಲ್ಲ.

ಅವಳು ನೆಲದ ಮೇಲೆ ಕುಳಿತುಬಿಟ್ಟಳು. ಆಗ ನನಗೆ ಅವಳ ಮುಖ ಕಂಡಿತು. ಮೂರು ದಿನದ ಮೂರು ನಿರಾಕರಣೆಗಳು ಅವಳ ಕಣ್ಣೆದುರು ಒಂದೊಂದಾಗಿ ಬಿಚ್ಚಿಕೊಳ್ಳುತ್ತಿದ್ದವು.

ಕೂಗಿ ಕೇಳಬಹುದಿತ್ತು. ಆದರೆ ಕೂಗುವುದು ಅವಳಿಗೆ ಬಾರದು. ಬಂದರೂ, ಕೂಗಿದರೆ ನಿಮ್ಮ ಗುಟ್ಟು ನನಗೆ ಗೊತ್ತಾಯಿತು ಎಂದು ಮುಖಕ್ಕೆ ಹೇಳಿದಂತೆ. ಚೀಟಿ ಬರೆದು ಕೊಟ್ಟರೂ ಹಾಗೆಯೇ. ಅವಳು ಸ್ವಲ್ಪ ಹೊತ್ತು ನನ್ನನ್ನೇ ನೋಡಿದಳು. ಆಮೇಲೆ ತನ್ನ ಫೋನಿನಿಂದ ನನಗೆ ನೆಟ್ ಕೊಟ್ಟು, ಡಿಸ್ಕ್ ನಿಲ್ಲಿಸಿ, ಸಿನಿಮಾ ಹುಡುಕುವ ಪುಟ ತೆರೆದಳು. ಮಾಸ್ತರು ಹುಬ್ಬೇರಿಸಿದರು.

ನನ್ನ ಹುಡುಕುವ ಪುಟದಲ್ಲಿ ಬರೆಯುವುದು ಸುಲಭವಲ್ಲ. ಅಕ್ಷರಗಳು ಇಂಗ್ಲಿಷಿನವು. ಬಾಣದ ಗುಂಡಿ ಒತ್ತುತ್ತ ಒಂದೊಂದರ ಮೇಲೂ ಹೋಗಿ ನಿಲ್ಲಬೇಕು. ಅವಳು ಎಂ ಒತ್ತಿದಳು, ಎ ಒತ್ತಿದಳು. ನಾನು ಗಡಿಬಿಡಿಯಿಂದ ಆ ಅಕ್ಷರಗಳ ಸಿನಿಮಾಗಳನ್ನೆಲ್ಲ ತಂದು ಮುಂದಿಟ್ಟೆ. ಅವಳಿಗೆ ಅವು ಯಾವುವೂ ಬೇಕಿರಲಿಲ್ಲ. ಅವಳು ಬರೆಯುತ್ತಲೇ ಹೋದಳು. ಸಾಲು ಉದ್ದವಾದಂತೆ ನನ್ನ ಸಿನಿಮಾಗಳು ಒಂದೊಂದಾಗಿ ಉದುರಿದವು. ಕೊನೆಗೆ ಪರದೆಯ ಮೇಲೆ ಉಳಿದದ್ದು ಇಷ್ಟು, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಮಾತು:

ಮಾವಾರ ನಾ ಬಿ.ಎಡ್. ಮಾಡಾಕ ಪರ್ಮಿಶನ್ ಕೊಡ್ರಿ.

ಅದರ ಕೆಳಗೆ ನನ್ನ ಉತ್ತರ: ಏನೂ ಸಿಗಲಿಲ್ಲ.

ಮಾಸ್ತರು ಓದಿದರು. ಇನ್ನೊಮ್ಮೆ ಓದಿದರು. ಆಮೇಲೆ ಅವರು ಕೈ ಚಾಚಿದರು. ಅವಳು ರಿಮೋಟು ಕೊಟ್ಟಳು. ಅವರು ಬಾಣದ ಗುಂಡಿ ಒತ್ತುತ್ತ ಹಿಂದೆ ಹಿಂದೆ ಹೋಗಿ, 'ಪರ್ಮಿಶನ್' ಎಂಬಲ್ಲಿ ನಿಂತು, ಒಂದು ಎಸ್ ಸೇರಿಸಿದರು.

"ಎರಡು ಎಸ್ ಬರ್ತಾವ," ಎಂದರು. "ಮಾಸ್ತರಿಕಿಗೆ ಹೊಂಟಾಕಿ, ಇಷ್ಟರ ಗೊತ್ತಿರಬೇಕು." ಆಮೇಲೆ ಅವಳ ಕಡೆ ತಿರುಗಿ, "ಇದಕ್ಕ ಪರ್ಮಿಶನ್ ಯಾಕವ್ವಾ? ಹೇಳಿದ್ರ ಆಗತಿತ್ತಲ್ಲ."

ಅವಳು ರಿಮೋಟು ತೆಗೆದುಕೊಂಡು ಬರೆದಳು: ಮೂರು ಸಲ ಹೇಳೀನ್ರಿ.

ಅದನ್ನೂ ನಾನು ಶ್ರದ್ಧೆಯಿಂದ ಹುಡುಕಿದೆ. ಏನೂ ಸಿಗಲಿಲ್ಲ.

ಮಾಸ್ತರಿಗೆ ಮಾತು ಬರುತ್ತಿತ್ತು. ನಲವತ್ತು ವರ್ಷ ಮಾತಿನಿಂದಲೇ ಅನ್ನ ಉಂಡವರು. ಆದರೆ ಆ ಒಂದು ಮಾತು ಬಾಯಿಂದ ಹೊರಡಲಿಲ್ಲ. ಮತ್ತೆ ಕೈ ಚಾಚಿ, ಸಾಲು ಅಳಿಸಿ, ಒಂದೊಂದೇ ಅಕ್ಷರ ಹುಡುಕುತ್ತ ಅವರು ಬರೆದರು:

ನನಗ ಕೇಳಸಂಗಿಲ್ಲ.

ಬರೆದ ಮೇಲೆ ಮಾತು ತಾನಾಗಿ ಬಂತು. "ಶಾಲ್ಯಾಗ ಇದ್ದಾಗಿಂದ. ಹಿಂದಿನ ಬೆಂಚಿನವರು ಪಾಠ ಓದಿದ್ದು ಕೇಳತಿದ್ದಿಲ್ಲ. 'ಚಲೋ ಓದಿದಿ, ಕೂಡು' ಅಂತಿದ್ದೆ. ಏನು ಓದಿದ್ರೋ ಏನು ಬಿಟ್ರೋ." ಕನ್ನಡಕ ತೆಗೆದು ಪಂಚೆಯ ಅಂಚಿಗೆ ಒರೆಸಿಕೊಂಡರು. "ನೀ ನನ್ನ ಕೂಡ ಮಾತ ಆಡಂಗಿಲ್ಲ ಅಂತ ತಿಳಿದಿದ್ನಿ. ಈ ಹುಡುಗಿಗೆ ನಮ್ಮ ಮನಿ ಸೇರಲಿಲ್ಲ ಅಂತ."

ದಾಕ್ಷಾಯಿಣಿ ಇಲ್ಲ ಎಂದು ತಲೆಯಾಡಿಸಿದಳು. ಅದಕ್ಕೆ ಅಕ್ಷರ ಬೇಕಾಗಲಿಲ್ಲ.

ಆಮೇಲೆ ನನ್ನನ್ನು ಎತ್ತಿ ಅರ್ಜಿ ತೆಗೆದಳು. ಮಾಸ್ತರು ಅದನ್ನು ಆಮೂಲಾಗ್ರ ಓದಿ, ಕಾಲೇಜಿನವರೇ ಮಾಡಿದ್ದ ಒಂದು ಅಚ್ಚಿನ ತಪ್ಪಿಗೆ ಪೆನ್ಸಿಲಿನಿಂದ ಗುರುತು ಹಾಕಿದರು. "ನಾಳೆ ನಾನೂ ಬರ್ತೇನಿ," ಎಂದರು. ಇನ್ನೂ ಏನೋ ನೆನಪಾಗಿ, "ನಿಮ್ಮತ್ತೀಗೆ ಮಾತ್ರ ನನ್ನ ಕಿವಿ ಸುದ್ದಿ ಹೇಳಬ್ಯಾಡ. ಆಕಿಗೆ ಗೊತ್ತಾದ್ರ ಗದಗಿಂದನ ನಮ್ಮ ಓಣಿಗೆಲ್ಲ ಕೇಳತೈತಿ."

ಅವಳು ನಕ್ಕಳು. ಸದ್ದು ಮಾಡಿ ನಕ್ಕದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಶಂಕ್ರವ್ವ ಮರಳಿ ಬರುವ ಹೊತ್ತಿಗೆ ಮಾಸ್ತರ ಕಿವಿಯ ಹಿಂದೆ ಹುಣಸೆ ಬೀಜದಷ್ಟು ಯಂತ್ರ ಕುಳಿತಿತ್ತು. ವಿಷಯ ಓಣಿಗೆ ತಿಳಿಯಲು ಅರ್ಧ ದಿನ ಸಾಕಾಯಿತು. ನನಗೆ ಕೊಂಚ ಹೊಟ್ಟೆಕಿಚ್ಚಾಯಿತು. ಆದರೆ ಮಾಸ್ತರು ಸಬ್‌ಟೈಟಲ್ ಬಿಡಲಿಲ್ಲ. ತಪ್ಪು ಹಿಡಿಯುವ ಸುಖ ಆ ಯಂತ್ರದಿಂದ ಸಿಗುವುದಿಲ್ಲ ಎನ್ನುತ್ತಿದ್ದರು. ಮಾವ ಸೊಸೆ ಜಗಳವಾಡುವುದಿದ್ದರೂ ನನ್ನ ಪುಟದಲ್ಲೇ ಬರೆದುಕೊಳ್ಳುತ್ತಿದ್ದರು, ಶಂಕ್ರವ್ವನಿಗೆ ಇಂಗ್ಲಿಷ್ ಅಕ್ಷರ ಬಾರದೆಂಬ ಧೈರ್ಯದಿಂದ.

ಮುಂದೆ ದಾಕ್ಷಾಯಿಣಿ ಹತ್ತಿರದ ಹಳ್ಳಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರ್ ಆದಳು. ಮನೆಗೆ ಹೊಸ ಟಿವಿ ಬಂತು, ಅದರೊಳಗೇ ಎಲ್ಲ ಇತ್ತು. ಟ್ರಂಕಿನ ಡಿಸ್ಕುಗಳ ಜೊತೆ ನಾನು ಅವಳ ತರಗತಿಗೆ ಹೋದೆ. ಸಬ್‌ಟೈಟಲಿನಲ್ಲಿ ತಪ್ಪು ಹಿಡಿದವರಿಗೆ ಅವಳು ಚಪ್ಪಾಳೆ ಹೊಡೆಸುತ್ತಿದ್ದಳು. ಹಿಂದಿನ ಬೆಂಚಿನವರು ಓದುವಾಗ ತಾನೇ ಅವರ ಹತ್ತಿರ ಹೋಗಿ ನಿಲ್ಲುತ್ತಿದ್ದಳು.

ಈಗ ನನಗೆ ವಯಸ್ಸಾಗಿದೆ. ನೆಟ್ಟಿನ ಸಿನಿಮಾ ಕಳಿಸುವವರು ನನ್ನಂಥ ಹಳಬರಿಗೆ ಕಳಿಸುವುದನ್ನು ನಿಲ್ಲಿಸಿದ್ದಾರೆ. ನಾಲಿಗೆಯೂ ಹೊರಗೆ ಬರುವುದಿಲ್ಲ. ಹೋದ ತಿಂಗಳು ನನ್ನನ್ನು ಸ್ಟಾಫ್ ರೂಮಿನ ಕಪಾಟಿನ ಮೇಲೆ, ಕಾಲು ಮುರಿದ ಗ್ಲೋಬಿನ ಪಕ್ಕ ಇಡುವ ಮುಂಚೆ ದಾಕ್ಷಾಯಿಣಿ ಕೊನೆಯ ಬಾರಿ ಹಚ್ಚಿ ನೋಡಿದಳು. ಹುಡುಕುವ ಪುಟ ತೆರೆಯಿತು. ಸಬ್‌ಟೈಟಲ್ ಮರೆಯುವ ನಾನು ಯಾರಾದರೂ ಹುಡುಕಿದ್ದನ್ನು ಮರೆಯುವುದಿಲ್ಲ. ಹಳೆಯ ಸಾಲುಗಳೆಲ್ಲ ಅಲ್ಲೇ ಇದ್ದವು. ತಳದ ಹತ್ತಿರ, ಎರಡು ಎಸ್ಸಿನ ಸಾಲು. ಅದರ ಮೇಲೆ, ಮೂರು ಸಲ ಹೇಳೀನ್ರಿ. ಅದರ ಮೇಲೆ, ನನಗ ಕೇಳಸಂಗಿಲ್ಲ.

ನನ್ನ ನಿಯಮದಂತೆ ನಾನು ಕೇಳಿದೆ: ಹಳೆಯ ಹುಡುಕಾಟಗಳನ್ನು ಅಳಿಸಲೇ?

ಅವಳು ಬೇಡ ಎಂದು ಒತ್ತಿ, ವಯರು ಸುತ್ತಿ, ನನ್ನ ತಲೆಯ ಧೂಳು ಒರೆಸಿ ಮೇಲಿಟ್ಟಳು.

ಇಲ್ಲಿಂದ ಮನುಷ್ಯರು ತಲೆಯಿಂದ ಕಾಲಿನವರೆಗೆ ಕಾಣುತ್ತಾರೆ. ಕೆಲಸವಿಲ್ಲದ ಹೊತ್ತಿನಲ್ಲಿ ನಾನು ಆ ಶುಕ್ರವಾರವನ್ನು ನೆನೆಯುತ್ತೇನೆ. ಇಷ್ಟು ವರ್ಷ ನಾನು ಎಷ್ಟೋ ಜನರಿಗೆ ಎಷ್ಟೋ ಸಲ 'ಏನೂ ಸಿಗಲಿಲ್ಲ' ಎಂದು ಹೇಳಿದ್ದೇನೆ. ಹೇಳಿದ್ದೆಲ್ಲ ನಿಜ. ಆ ಮಧ್ಯಾಹ್ನ ಆ ಇಬ್ಬರಿಗೆ ಹೇಳಿದ್ದು ಮಾತ್ರ ತಪ್ಪು.